ಮೂರು ಸಲ ಕರೆದರೆ

ಅಶ್ವಿನಿಯ ಹಳೇ ಫೋನು ಪ್ರಾಣ ಬಿಟ್ಟದ್ದು ಕಲಗಚ್ಚಿನ ಬಾನಿಯಲ್ಲಿ. ಅಜ್ಜಂಪುರದ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಅವಳು ದನದ ಡಾಕ್ಟರು. ಸರ್ಕಾರಿ ಕೆಲಸವಲ್ಲ, ಸ್ವಂತ ಪ್ರಾಕ್ಟೀಸು; ಕರೆದವರ ಮನೆಗೆ ತಾನೇ ಕಾರು ಓಡಿಸಿಕೊಂಡು ಹೋಗುವವಳು. ಅವತ್ತು ಒಂದು ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿತ್ತು. ಬಲಗೈ ಮೊಳಕೈ ದಾಟಿ ಒಳಗಿತ್ತು, ಎಡಗೈಯಲ್ಲಿ ಫೋನು ಹಿಡಿದು ಇನ್ನೊಂದು ಊರಿನ ಎಮ್ಮೆಗೆ ಔಷಧಿ ಹೇಳುತ್ತಿದ್ದಳು. ಹಸು ಒಮ್ಮೆ ಝಾಡಿಸಿ ಒದ್ದಿತು, ಫೋನು ಬಾನಿಗೆ ಬಿತ್ತು. ಕರು ಉಳಿಯಿತು, ಫೋನು ಉಳಿಯಲಿಲ್ಲ. ಆ ಬಗ್ಗೆ ಅಶ್ವಿನಿಗೆ ಬೇಸರವೇನೂ ಇರಲಿಲ್ಲ.

ಹೊಸ ಫೋನು ಕಡೂರಿನಲ್ಲಿ ಕೊಂಡದ್ದು. “ಇದು ಯಾವ್ದಕ್ ಬೇಕಾದ್ರೂ ಕನೆಕ್ಟ್ ಆಗುತ್ತೆ ಮೇಡಂ,” ಎಂದ ಅಂಗಡಿಯವನು. ಅಂಗಡಿಯವರು ಹಾಗೆ ಹೇಳದೆ ಇನ್ನು ಹೇಗೆ ಹೇಳುತ್ತಾರೆ? ಫೋನಿಗೆ ಎಲ್ಲವೂ ಹೊಂದಿಕೊಂಡಿತು, ಅವಳ ಕಾರೊಂದನ್ನು ಬಿಟ್ಟು.

ಕಾರು ಹಳೆಯದು, ಕಡೂರಿನ ಮುಕ್ತಿಯಾರ್ ಎಂಬವರಿಂದ ಕೊಂಡದ್ದು. ಅದರ ಮುಂಭಾಗದಲ್ಲಿ ಹಾಡು ಕೇಳುವ ಒಂದು ಸೆಟ್ಟು. ಅದಕ್ಕೆ ಬ್ಲೂಟೂತಿನಲ್ಲಿ ಫೋನು ಜೋಡಿಸಿಟ್ಟರೆ, ಕರೆ ಬಂದಾಗ ಆ ಕಡೆಯವರ ಮಾತು ಕಾರಿನ ಸ್ಪೀಕರಿನಲ್ಲಿ ಕೇಳುತ್ತದೆ. ನಮ್ಮ ಮಾತು ಕನ್ನಡಿಯ ಪಕ್ಕದ ಪುಟ್ಟ ಮೈಕಿನಿಂದ ಅವರಿಗೆ ಹೋಗುತ್ತದೆ. ಸ್ಟೇರಿಂಗಿನಿಂದ ಕೈ ತೆಗೆಯಬೇಕಾಗಿಲ್ಲ. ದನದ ಡಾಕ್ಟರಿಗೆ ಇದು ಶೋಕಿಯಲ್ಲ. ದಾರಿಯಲ್ಲಿ ಒಂದು ಕರೆ ತಪ್ಪಿದರೆ ಯಾರದೋ ಕೊಟ್ಟಿಗೆಯಲ್ಲಿ ಒಂದು ಜೀವ ಹೋಗಿರುತ್ತದೆ. ಅದೂ ಅಲ್ಲದೆ ಹಿಂದಿನ ಸೀಟಿನಲ್ಲಿ ಸಾಮಾನ್ಯವಾಗಿ ಮಗಳು ಧನ್ಯಶ್ರೀ ಇರುತ್ತಿದ್ದಳು. ಆರು ವರ್ಷದ ಹುಡುಗಿ. ಗಂಡ ಸಿದ್ದೇಶ್‌ಗೆ ಲಕ್ಕವಳ್ಳಿ ಡ್ಯಾಮಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುವವನು. ಬುಕ್ಕಾಂಬುಧಿ ಕೆರೆಯಾಚೆಯ ಮನೆಯಲ್ಲಿ ಅತ್ತೆ ಕರಿಯಮ್ಮ ಇದ್ದರೂ ಅವರಿಗೆ ಮಂಡಿನೋವು, ಹುಡುಗಿಯ ಹಿಂದೆ ಓಡಲಾರರು. ಹಾಗಾಗಿ ಶಾಲೆ ಬಿಟ್ಟ ಮೇಲೆ ಮಗಳು ಅಮ್ಮನ ಜೊತೆಯೇ ಹಳ್ಳಿ ಹಳ್ಳಿ ಸುತ್ತಿ, ಸಂಜೆ ಮನೆ ಸೇರುತ್ತಿದ್ದಳು. ಮಗು ಹಿಂದಿರುವಾಗ ಒಂದು ಕೈಯಲ್ಲಿ ಫೋನು ಹಿಡಿದು ಕಾರು ಓಡಿಸುವಷ್ಟು ಎದೆಗಾರಿಕೆ ಅಶ್ವಿನಿಗೆ ಇರಲಿಲ್ಲ.

ಹೊಸ ಫೋನು ಜೋಡಿಸಿದ ಮೊದಲ ವಾರವೇ ರಗಳೆ ಶುರುವಾಯಿತು. ಒಮ್ಮೆ ಸೇರುತ್ತಿತ್ತು, ಮರುಗಳಿಗೆ ಬಿಟ್ಟುಹೋಗುತ್ತಿತ್ತು. ಸೇರಿದಾಗಲೂ ನೆಟ್ಟಗಿರಲಿಲ್ಲ. ಕೆರೆ ಏರಿಯ ಕೆಳಗಿನ ಮನೆಯ ಈರಭದ್ರಪ್ಪ ಫೋನು ಮಾಡಿ, ತನ್ನ ಹಸು ಮೇವು ಬಿಟ್ಟಿದೆ ಎಂದು ಹೇಳುತ್ತ ಹೇಳುತ್ತ ರೇಗಿದ.

“ಏನ್ ಡಾಕ್ಟ್ರಮ್ಮಾ, ನಾನ್ ಹೇಳಿದ್ದನ್ನೇ ನಂಗೆ ವಾಪಸ್ ಹೇಳ್ತೀರಲ್ಲ, ಅಣಕಿಸ್ತೀರೇನು?”

“ನಾನೆಲ್ ಹೇಳ್ದೆ ಈರಭದ್ರಪ್ಪಾ? ನಿನ್ ದನೀನೇ ನಿಂಗೆ ವಾಪಸ್ ಕೇಳ್ತಿರ್ಬೇಕು. ಕಾರಿನ್ ಸೆಟ್ಟು ಕೆಟ್ಟೈತೆ ಕಣಪ್ಪಾ.”

“ನನ್ ದನಿ ನಂಗ್ ಗೊತ್ತಾಗಲ್ವಾ? ಇದು ನಿಮ್ ದನಿ ಕಣ್ರೀ.”

ಆ ಮಾತನ್ನು ಅಶ್ವಿನಿ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಈರಭದ್ರಪ್ಪ ಕಡ್ಡಿಯನ್ನು ಗುಡ್ಡ ಮಾಡುವ ಆಸಾಮಿ ಎಂದು ಊರಿಗೇ ಗೊತ್ತು.

ಅಶ್ವಿನಿ ಕಾರು ಒಯ್ದದ್ದು ತರೀಕೆರೆಯ ಮುಜಾಹಿದ್‌ನ ಅಂಗಡಿಗೆ. ಕಾರಿಗೆ ಸೆಟ್ಟು, ಸ್ಪೀಕರು, ಸೀಟ್ ಕವರು ಹಾಕುವ ಆಸಾಮಿ. ಬಾಯಿ ದೊಡ್ಡದು, ಕೆಲಸವೂ ಪರವಾಗಿಲ್ಲ. ತನ್ನ ಕೈಯಲ್ಲಿ ಸರಿಯಾಗದ ಸೆಟ್ಟು ಚಿಕ್ಕಮಗಳೂರು ಜಿಲ್ಲೆಯಲ್ಲೇ ಇಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ, ಬೇರೆ ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ. ಕಾರೊಳಗೆ ಕೂತು ಸೆಟ್ಟನ್ನು ತಟ್ಟಿ, “ಕ್ಯಾ ಹುವಾ ರೇ ತುಜೆ?” ಎಂದು, ಏನಾಯ್ತೋ ನಿನಗೆ ಎಂದು, ತನ್ನ ಮನೆಮಾತಿನಲ್ಲಿ ಅದನ್ನೇ ವಿಚಾರಿಸಿದ. ಆಮೇಲೆ ಅಶ್ವಿನಿಯ ಫೋನು ಇಸಕೊಂಡ, ತನ್ನ ಫೋನಿನಿಂದ ಅದಕ್ಕೆ ಕರೆ ಮಾಡಿದ, ರಸ್ತೆಯ ಆಚೆ ಬದಿಗೆ ಹೋಗಿ “ಹಲೋ, ಹಲೋ” ಎಂದು ಅರಚಿದ. ವಾಪಸ್ ಬಂದಾಗ ಮುಖದಲ್ಲಿ ಪಂಡಿತನ ಕಳೆ ಇತ್ತು.

“ಫೋನೂ ಸರಿ ಐತೆ, ಸೆಟ್ಟೂ ಸರಿ ಐತೆ ಮೇಡಂ. ಎರಡಕ್ಕೂ ಜಾತಕ ಕೂಡ್ತಿಲ್ಲ ಅಷ್ಟೇ. ಮುಕ್ತಿಯಾರ್ ಭಾಯಿಗೆ ಈ ಸೆಟ್ ಹಾಕ್ಕೊಟ್ಟೋನೇ ನಾನು. ಅವ್ರು ಓಡಿಸೋವರ್ಗೂ ಒಂದ್ ಕಂಪ್ಲೇಂಟ್ ಇಲ್ಲ.”

“ಹಂಗಾದ್ರೆ ದನಿ ಯಾಕೆ ವಾಪಸ್ ಹೋಗುತ್ತೆ?”

“ನೋಡಿ, ಮೈಕಿಗೆ ನಿಮ್ ದನೀನೂ ಬೀಳ್ತದೆ, ಸ್ಪೀಕರಲ್ಲಿ ಬರೋ ದನೀನೂ ಬೀಳ್ತದೆ. ಸೆಟ್ಟು ಏನ್ ಮಾಡ್ಬೇಕು? ಯಾವ್ದು ಮನುಷ್ಯರ ದನಿ ಅಂತ ಗುರ್ತು ಹಿಡಿದು, ಅದನ್ ಮಾತ್ರ ಕಳಿಸ್ಬೇಕು. ಹೊಸ ಫೋನ್ ಜೊತೆ ಇದಕ್ಕೆ ಆ ಗುರ್ತೇ ಸಿಗ್ತಿಲ್ಲ. ಒಳಗೆ ಕೂತಿರೋರು ಯಾರು, ಬರೀ ದನಿ ಯಾರ್ದು ಅಂತ ಗೊತ್ತಾಗ್ತಿಲ್ಲ ಪಾಪ.”

ಮೈಕಿನ ಧೂಳು ಒರೆಸಿದ, ಸದ್ದು ಇಳಿಸಿದ, ಏನೇನೋ ಒತ್ತಿದ. ಕರೆ ಎತ್ತುವ ಗುಂಡಿ ಸವೆದಿದೆ ಎಂದು, ಕರೆ ಬಂದ ಕೂಡಲೇ ಸೆಟ್ಟು ತಾನಾಗಿ ಎತ್ತಿಕೊಳ್ಳುವ ಹಾಗೂ ಮಾಡಿಕೊಟ್ಟ. “ಇನ್ನು ಮೊದಲ್ನೇ ರಿಂಗಿಗೇ ‘ಓ’ ಅಂತದೆ,” ಎಂದು ನಕ್ಕ. ಹಿಂದಿನ ಸೀಟಿನಲ್ಲಿ ಧನ್ಯಾ, ಬೇಕರಿಯ ಬನ್ನು ತಿನ್ನುತ್ತ, ಎಲ್ಲವನ್ನೂ ನೋಡುತ್ತಿದ್ದಳು.

ಅಜ್ಜಂಪುರದ ದಾರಿಯಲ್ಲಿ ಸಿದ್ದೇಶನ ಕರೆ ಬಂತು. ಸೆಟ್ಟು ತಾನೇ ಎತ್ತಿಕೊಂಡಿತು. ದನಿ ಗಂಟೆ ಹೊಡೆದ ಹಾಗೆ ಸ್ಪಷ್ಟ. ಅಶ್ವಿನಿಗೆ ಖುಷಿಯಾಯಿತು.

“ಎಲ್ಲಿದ್ದೀಯಾ? ಮಗು ಏನಾದ್ರೂ ತಿಂದ್ಲಾ?” ಎಂದ ಸಿದ್ದೇಶ. ಅವಳು ಬಾಯಿ ತೆರೆಯುವ ಮೊದಲೇ, “ಬರೀ ಬನ್ ಯಾಕೆ ಕೊಡಿಸ್ದೆ? ನೆಗಡಿ ಬೇರೆ ಅಂತೀಯಾ,” ಎಂದ.

“ನಾನಿನ್ನೂ ಏನೂ ಹೇಳ್ಲೇ ಇಲ್ವಲ್ರೀ.”

“ಈಗ ಹೇಳಿದ್ಯಲ್ಲೇ. ಬನ್ ತಿಂದ್ಲು, ಸ್ವಲ್ಪ ನೆಗಡಿ ಐತೆ, ಈಗ ಹಿಂದೆ ಕೂತಿದ್ದಾಳೆ ಅಂದೆ. ತಮಾಷೆ ಮಾಡ್ಬೇಡ, ಡ್ಯೂಟಿಲಿದ್ದೀನಿ.”

ಅಶ್ವಿನಿ ಕನ್ನಡಿಯಲ್ಲಿ ಮಗಳನ್ನು ನೋಡಿದಳು. ಧನ್ಯಾ ಮೂಗು ಒರೆಸಿಕೊಳ್ಳುತ್ತಿದ್ದಳು. ನೆಗಡಿ ಇದೆ ಎಂದು ಅಶ್ವಿನಿಗೇ ಆಗ ಗೊತ್ತಾದದ್ದು. ಗಂಡ ಹಿಂದೆ ಯಾವಾಗಲೋ ಕೇಳಿದ್ದನ್ನು ಈಗ ಕಲಸಿಕೊಂಡಿರಬೇಕು ಎಂದುಕೊಂಡಳು. ವಿದ್ಯಾವಂತರಿಗೆ ಇಂಥದ್ದೊಂದು ಸಮಾಧಾನ ಯಾವಾಗಲೂ ಕೈಗೆ ಸಿಗುವ ಹಾಗೆ ಇರುತ್ತದೆ.

ಮೊದಲು ಈರಭದ್ರಪ್ಪನ ಮನೆಗೆ ಹೋಗಬೇಕಿತ್ತು. ಏರಿಯ ಕೆಳಗೆ ಕಾರು ನಿಲ್ಲಿಸಿದಾಗ ದೀಪ ಹಚ್ಚುವ ಹೊತ್ತು. ಮಗಳು ಹಾಡು ಬೇಕೆಂದು ಹಟ ಮಾಡಿದಳು. ಕೀಲಿ ಅಲ್ಲೇ ಬಿಟ್ಟು, ಹಾಡು ಹಾಕಿ ಕೊಟ್ಟು, ಅಶ್ವಿನಿ ಕೊಟ್ಟಿಗೆಗೆ ಹೋದಳು. ಫೋನು ಅವಳ ಬ್ಯಾಗಿನಲ್ಲೇ ಇತ್ತು. ಹಸುವಿಗೆ ಇಂಜೆಕ್ಷನ್ ಕೊಟ್ಟು, ಕೈ ತೊಳೆದು ಬಂದಾಗ ಹಾಡು ನಿಂತಿತ್ತು. ಧನ್ಯಾ ಎರಡು ಸೀಟಿನ ನಡುವೆ ಮುಖ ಚಾಚಿ ಸೆಟ್ಟಿನ ಹತ್ತಿರ ಮಾತಾಡುತ್ತಿದ್ದಳು.

“ಯಾರ ಹತ್ರ ಪುಟ್ಟಿ ಮಾತು?”

“ನಿನ್ ಹತ್ರಾನೇ.”

“ನಾನ್ ಕೊಟ್ಟಿಗೇಲಿದ್ನಲ್ಲೇ.”

“ಹೂಂ, ಅಲ್ಲಿಂದ್ಲೇ ಫೋನ್ ಮಾಡ್ದೆ. ಬಾಗಿಲು ತೆಗೆಯಕ್ಕೆ ಬರುತ್ತಾ ಮಗಳೇ ಅಂತ ನೀನ್ ಕೇಳ್ದೆ. ಹಿಂದಿಂದು ಬರಲ್ಲ, ನೀನೇ ಲಾಕ್ ಹಾಕಿದ್ಯಲ್ಲ, ಮುಂದಿಂದು ಬರುತ್ತೆ ಅಂತ ನಾನಂದೆ. ಆಮೇಲೆ ನೀನ್ ಸುಮ್ನಾದೆ.”

ಅಶ್ವಿನಿ ಬ್ಯಾಗಿನಿಂದ ಫೋನು ತೆಗೆದು ನೋಡಿದಳು. ಯಾರಿಗೂ ಕರೆ ಹೋಗಿರಲಿಲ್ಲ, ಯಾರಿಂದಲೂ ಬಂದಿರಲಿಲ್ಲ. ಕೊಟ್ಟಿಗೆಯಲ್ಲಿ ತಾನು ಆಡಿದ ಮಾತೆಲ್ಲ ಹಸುವಿನ ಜ್ವರದ್ದು, ಹಿಂಡಿಯದ್ದು. ಮಗಳ ಹೆಸರನ್ನೇ ಎತ್ತಿರಲಿಲ್ಲ. ಅವಳಿಗೆ ಭಯವಾಯಿತು. ಭಯವಾಯಿತೆಂದು ಒಪ್ಪಿಕೊಳ್ಳಲು ಇನ್ನೂ ನಾಚಿಕೆಯಿತ್ತು, ಆದರೆ ಮನೆ ತಲುಪುವವರೆಗೆ ಸೆಟ್ಟಿನ ಕಡೆ ನೋಡಲಿಲ್ಲ.

ಕರಿಯಮ್ಮನಿಗೆ ಅಂಥ ನಾಚಿಕೆಯೆಲ್ಲ ಇರಲಿಲ್ಲ. ಮೊಮ್ಮಗಳ ಬಾಯಿಂದ ವಿಷಯ ತಿಳಿದ ಕೂಡಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು.

“ನೋಡು ಕೂಸೇ, ಮುಸ್ಸಂಜೇಲಿ ಯಾರೇ ಹೆಸರಿಡಿದು ಕರದ್ರೂ ಒಂದೇ ಸಲಕ್ಕೆ ‘ಓ’ ಅನ್ಬಾರ್ದು. ಅಮ್ಮನ ದನೀಲೇ ಕರೀಲಿ, ಅಪ್ಪನ ದನೀಲೇ ಕರೀಲಿ. ಅದು ಒಂದೇ ಸಲ ಕರೆಯಾದು. ಮನುಷ್ರಾದ್ರೆ ಮೂರು ಸಲ ಕರೀತಾರೆ. ಮೂರು ಆಗೋಗಂಟ ಬಾಯಿ ಮುಚ್ಕೊಂಡಿರ್ಬೇಕು. ತಿಳೀತಾ?”

“ಒಂದ್ಸಲ ಓ ಅಂದ್ರೆ ಏನಾಗುತ್ತೆ ಅಜ್ಜಿ?”

“ಕರ್ಕೊಂಡ್ ಹೋಗುತ್ತೆ.”

“ಅತ್ತೆ, ಮಗೂನ ಹೆದರಿಸ್ಬೇಡಿ,” ಎಂದಳು ಅಶ್ವಿನಿ. ಆದರೆ ಬೇಡವೆಂದು ಗಟ್ಟಿಯಾಗಿ ಹೇಳಲೂ ಇಲ್ಲ. ಕಾರು ಕೊಂಡದ್ದು ಅವಳು, ಫೋನು ಕೊಂಡದ್ದು ಅವಳು, ಒಂದೇ ರಿಂಗಿಗೆ ಓಗೊಡುವ ಹಾಗೆ ಮಾಡಿಸಿಕೊಂಡು ಬಂದದ್ದೂ ಅವಳೇ. ಧನ್ಯಾಳಿಗೆ ಮಾತ್ರ ಇದೊಂದು ಚಂದದ ಆಟವಾಯಿತು. ಅವತ್ತಿನಿಂದ ಯಾರು ಕರೆದರೂ ಬೆರಳು ಮಡಿಸಿ ಎಣಿಸುವಳು. ಊಟಕ್ಕೆ ಮೂರು ಸಲ, ಸ್ನಾನಕ್ಕೆ ಮೂರು ಸಲ. ಮೂರನೆಯದಕ್ಕೆ “ಓ” ಎಂದು ಕೂಗಿ, ಗೆದ್ದವಳ ಹಾಗೆ ಓಡಿ ಬರುವಳು.

ಶನಿವಾರ ಮಧ್ಯಾಹ್ನ ಅಶ್ವಿನಿ ಅತ್ತೆಯ ಬಟನ್ ಫೋನಿನಿಂದ ಮುಜಾಹಿದ್‌ಗೆ ಕರೆ ಮಾಡಿದಳು. ಬಿಸಿಲು ಚುರುಗುಟ್ಟುತ್ತಿತ್ತು, ಅಂಗಳದಲ್ಲಿ ಕೊಬ್ಬರಿ ಒಣಗುತ್ತಿತ್ತು. ಹೆದರುವಂಥ ಹೊತ್ತೇ ಅಲ್ಲ. ಮಗಳು ಹೇಳಿದ್ದನ್ನು ಅವನಿಗೆ ಹೇಳಲಿಲ್ಲ, ಸೆಟ್ಟು ತಾನಾಗಿ ಮಾತಾಡುತ್ತದೆ ಎಂದಷ್ಟೇ ಹೇಳಿದಳು.

“ಏನೂ ಇಲ್ಲ ಮೇಡಂ, ಹಳೇದೆಲ್ಲ ಒಳಗೆ ಉಳ್ಕೊಂಡಿರ್ತದೆ. ಎರಡೂ ಕಡೆ ಅಳಿಸ್ಬೇಕು. ಫೋನಲ್ಲಿ ಕಾರಿನ್ ಹೆಸ್ರು ಅಳ್ಸಿ. ಕಾರಲ್ಲಿ ಫೋನಿನ್ ಹೆಸ್ರು ಅಳ್ಸಿ. ಇದಕ್ ಅದು ಯಾರೋ, ಅದಕ್ ಇದು ಯಾರೋ. ಆಮೇಲೆ ಹೊಸ್ದಾಗಿ ಪರಿಚಯ ಮಾಡ್ಸೋಣ.”

ಕಾರಿನಲ್ಲಿ ಕೂತು, ಕಿವಿಗೆ ಬಟನ್ ಫೋನು ಒತ್ತಿಕೊಂಡು ಅವನು ಹೇಳಿದ ಹಾಗೆಲ್ಲ ಮಾಡಿದಳು. ಧನ್ಯಾ ಹಿಂದಿನ ಸೀಟಿನಲ್ಲಿ ಗೊಂಬೆಗೆ ತಲೆ ಬಾಚುತ್ತಿದ್ದಳು. ಫೋನಿನಲ್ಲಿ ಅಳಿಸಿದಳು. ಸೆಟ್ಟಿನಲ್ಲಿ ಅಳಿಸಿದಳು. ಯಾವ ಫೋನೂ ಜೋಡಣೆಯಾಗಿಲ್ಲ ಎಂದು ಪರದೆ ತೋರಿಸಿತು. ಇನ್ನೂ ಖಾತ್ರಿಗೆ ಹೊಸ ಫೋನನ್ನೇ ಪೂರ್ತಿ ಆರಿಸಿ ಸೀಟಿನ ಮೇಲೆ ಹಾಕಿದಳು.

“ಧನ್ಯಾ,” ಎಂದಿತು ಸೆಟ್ಟು.

ಅದು ಅಶ್ವಿನಿಯ ದನಿ. ತನ್ನ ದನಿಯನ್ನು ಹೊರಗಿನಿಂದ ಕೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ ಎನ್ನುತ್ತಾರೆ, ಅವಳಿಗೆ ಮಾತ್ರ ಹತ್ತಿತು. ಮಗಳು ನಿದ್ದೆಯಿಂದ ಏಳಲೆಂದು ಬೆಳಿಗ್ಗೆ ಹಾಸಿಗೆಯ ಪಕ್ಕ ಕೂತು ಕರೆಯುವ ದನಿ ಅದು. ಊರಿನವರಾರೂ ಆ ದನಿ ಕೇಳಿದವರಲ್ಲ.

“ಈಗ ಮಾತಾಡಿದ್ದು ನೀವಾ ಮೇಡಂ?” ಎಂದ ಮುಜಾಹಿದ್, ಬಟನ್ ಫೋನಿನಲ್ಲಿ.

ಅಶ್ವಿನಿ ತಿರುಗಿ ನೋಡಿದಳು. ಧನ್ಯಾ ಒಂದು ಬೆರಳು ಮಡಿಸಿಕೊಂಡು, ತುಟಿ ಬಿಗಿಹಿಡಿದು ಕೂತಿದ್ದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಪಿಸುಗುಟ್ಟಿದಳು: “ಒಂದೇ ಸಲ ಕರೀತು. ನಾನ್ ಓ ಅನ್ಲಿಲ್ಲ.”

“ಧನ್ಯಾ, ಇಳಿ ಕೆಳಗೆ.”

ಹುಡುಗಿ ಅಲುಗಾಡಲಿಲ್ಲ. ಅಮ್ಮನನ್ನೇ ಅನುಮಾನದಿಂದ ನೋಡಿದಳು. ಇದು ಎರಡನೆಯದೋ, ಹೊಸದಾಗಿ ಮೊದಲನೆಯದೋ ಎಂದು ಅವಳಿಗೆ ಗೊಂದಲವಾಗಿತ್ತು. ಅಶ್ವಿನಿ ಬಾಗಿಲು ತೆಗೆದು, ಹೊರಗೆ ಹಾರಿ, ಹಿಂದಿನ ಬಾಗಿಲೆಳೆದು, ಇರುವಷ್ಟು ಗಂಟಲಲ್ಲಿ ಕೂಗಿದಳು.

“ಧನ್ಯಾ! ಧನ್ಯಾ! ಧನ್ಯಾ!”

“ಓ,” ಎಂದಳು ಧನ್ಯಾ. ನಕ್ಕು, ಗೊಂಬೆ ಎತ್ತಿಕೊಂಡು ಇಳಿದಳು.

ಅವರಿಬ್ಬರೂ ಜಗಲಿ ಹತ್ತುವಾಗ ಹಿಂದಿನಿಂದ ಸೆಟ್ಟು ಮಾತಾಡಿತು. ಆತುರವಿಲ್ಲದೆ, ಹೊಸ ಪಾಠ ಒಪ್ಪಿಸುವ ಮಗುವಿನ ಹಾಗೆ, ಒಂದೊಂದಾಗಿ: “ಧನ್ಯಾ. ಧನ್ಯಾ. ಧನ್ಯಾ.”

ಬಾಗಿಲಲ್ಲಿ ನಿಂತಿದ್ದ ಕರಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೊಮ್ಮಗಳ ಎರಡೂ ಕಿವಿ ಮುಚ್ಚಿದರು.

“ಅಯ್ಯೋ ಅಶ್ವಿನಿ,” ಎಂದರು, “ನೀನೇ ಅದಕ್ ಕಲಿಸ್ಕೊಟ್ಬಿಟ್ಯಲ್ಲೇ ನಮ್ಮವ್ವಾ.”

ಸೋಮವಾರ ಅಶ್ವಿನಿ ಮಗಳನ್ನು ಶಾಲೆಗೆ ಬಿಟ್ಟು ಒಬ್ಬಳೇ ತರೀಕೆರೆಗೆ ಹೋದಳು. ರಿಪೇರಿ ಬೇಡ, ಸೆಟ್ಟು ಬಿಚ್ಚಿ ತೆಗೆ ಎಂದಳು. ಮುಜಾಹಿದ್ ಹೊಸ ಮಾಡೆಲಿನ ಗುಣಗಾನ ಶುರುಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿದ. ಸ್ಕ್ರೂ ಬಿಚ್ಚಿದ, ಸೆಟ್ಟು ಎಳೆದ, ಮೈಕು ಕಿತ್ತ, ನಾಲ್ಕೂ ಬಾಗಿಲಿನ ಸ್ಪೀಕರು ತೆಗೆದ, ವೈರುಗಳಿಗೆ ಕಪ್ಪು ಟೇಪು ಸುತ್ತಿದ. ಕೆಲಸ ಮುಗಿಯುವವರೆಗೂ ಒಂದು ಮಾತಾಡಲಿಲ್ಲ, ಅವನ ಮಟ್ಟಿಗೆ ಅದು ದಾಖಲೆ. ಕಡೆಯಲ್ಲಿ ಮಾತ್ರ ಕೇಳಿದ.

“ಮೇಡಂ, ಅವತ್ತು ನೀವು ಹುಡುಗೀನ ಮೂರ್ ಸಲ ಕೂಗಿದ್ರಲ್ಲ. ಅದಾದ್ಮೇಲೆ ಫೋನಲ್ಲಿ ನಂಗೆ ‘ಸರಿ’ ಅಂತ ಕೇಳಿಸ್ತು. ಮೆಲ್ಲಗೆ. ಅದ್ ಯಾರಿಗಂದ್ರಿ?”

ಅವಳು ಯಾರಿಗೂ ಸರಿ ಎಂದಿರಲಿಲ್ಲ. ಹಣ ಕೊಟ್ಟು ಬಂದಳು. ಸೆಟ್ಟು ಇದ್ದ ಜಾಗದಲ್ಲಿ ಈಗ ಚೌಕಾಕಾರದ ತೂತಿತ್ತು. ಅದನ್ನು ನೋಡಿದರೆ ಹಲ್ಲು ಕಿತ್ತ ಬಾಯಿಯ ನೆನಪಾಗುತ್ತಿತ್ತು, ಆದರೂ ಅವಳಿಗೆ ಎಷ್ಟೋ ಹಗುರವೆನಿಸಿತು. ಸಂಜೆ ಶಾಲೆಯಿಂದ ಮಗಳನ್ನು ಕರೆದುಕೊಂಡು ಹೊರಟಾಗ ಅವಳೇ ಹಾಡು ಹೇಳಿದಳು, ಮಗಳೂ ದನಿಗೂಡಿಸಿದಳು. ಒಂದೆರಡು ಮನೆಯ ಕೆಲಸ ಮುಗಿಸಿ ಬುಕ್ಕಾಂಬುಧಿಯ ಏರಿ ಹತ್ತುವಷ್ಟರಲ್ಲಿ ಧನ್ಯಾಳಿಗೆ ನಿದ್ದೆ ಹತ್ತಿತ್ತು.

ಏರಿಯ ಮೇಲೆ ಫೋನು ಬಡಿದುಕೊಂಡಿತು. ಪಕ್ಕದ ಹಳ್ಳಿ ಸೊಲ್ಲಾಪುರದ ಕಡೆಯ ರೈತ. ಹಸು ಈದು ಗರ್ಭಕೋಶವೇ ಹೊರಗೆ ಬಂದಿದೆ ಎಂದು ಒಂದೇ ಸಮ ಅಳುತ್ತಿದ್ದ. ಇಂಥ ಕರೆ ಬಿಡುವ ಹಾಗಿಲ್ಲ. ಮಾತಾಡಿಸಲು ಈಗ ಸೆಟ್ಟಿಲ್ಲ. ಅಶ್ವಿನಿ ಕಾರು ಬದಿಗೆ ನಿಲ್ಲಿಸಿದಳು. ಮಗಳಿಗೆ ಎಚ್ಚರವಾದೀತೆಂದು ಇಳಿದು ನಾಲ್ಕು ಹೆಜ್ಜೆ ಆಚೆ ಹೋದಳು. ಕೆರೆ ತುಂಬಿತ್ತು, ಸೂರ್ಯ ಮುಳುಗಿದ ಮೇಲಿನ ಬೆಳಕು ನೀರಿನ ಮೇಲೆ ಇನ್ನೂ ಸ್ವಲ್ಪ ಉಳಿದಿತ್ತು.

“ಒದ್ದೆ ಬಟ್ಟೆ ಹೊದಿಸಿ, ಎತ್ತರ ಹಿಡ್ಕಳಿ. ನೆಲಕ್ ತಾಗಿಸ್ಬೇಡಿ. ನಾನ್ ಬತ್ತೀನಿ,” ಎಂದಳು.

“ಆಯ್ತು ಡಾಕ್ಟ್ರಮ್ಮಾ,” ಎಂದ ರೈತ. ಸ್ವಲ್ಪ ತಡೆದು, “ಯಾರ್ನೋ ಕರೀತಿದ್ದೀರಲ್ಲ, ನಾನ್ ಆಮೇಲ್ ಮಾಡ್ಲಾ?” ಎಂದ.

ಅವಳು ಯಾರನ್ನೂ ಕರೆಯುತ್ತಿರಲಿಲ್ಲ.

ತಿರುಗಿದಳು. ಕಾರಿನ ಮುಂದಿನ ಬಾಗಿಲು ತೆರೆದಿತ್ತು. ಧನ್ಯಾ ಕೆರೆಯ ಒಳಗಿನ ಕಲ್ಲು ಕಟ್ಟಣೆಯ ಮೇಲೆ, ತೂಬಿನ ಕಡೆಗೆ ಇಳಿಯುತ್ತಿದ್ದಳು. ಒಂದೊಂದೇ ಕಲ್ಲು, ಕೂತು, ಕಾಲಿಟ್ಟು, ಜೋಪಾನವಾಗಿ, ಇಳಿಯಲು ಅಮ್ಮ ಹೇಳಿಕೊಟ್ಟಂತೆಯೇ. ಕೆಳಗಿನಿಂದ, ನೀರಿನ ಅಂಚಿನಿಂದ, ಅಶ್ವಿನಿಯ ದನಿ ಕರೆಯುತ್ತಿತ್ತು. ಸ್ಪೀಕರಿನಲ್ಲಿದ್ದ ಗೊರಗೊರ ಈಗ ಇರಲಿಲ್ಲ. ಅದು ಬರೀ ಒಬ್ಬ ತಾಯಿಯ ದನಿಯಾಗಿತ್ತು.

“ಧನ್ಯಾ. ಧನ್ಯಾ. ಧನ್ಯಾ.”

“ಓ, ಬಂದೆ,” ಎಂದಳು ಹುಡುಗಿ.

“ಧನ್ಯಾ!” ಎಂದು ಅಶ್ವಿನಿ ಕಿರುಚಿದಳು. ಮಗಳು ತಿರುಗಲಿಲ್ಲ. ಒಂದೇ ಸಲ ಕರೆದದ್ದಕ್ಕೆ ತಿರುಗಬಾರದಲ್ಲ. ಅಶ್ವಿನಿ ಮತ್ತೆರಡು ಸಲ ಕೂಗಿದಳು. ಆಗ ಹುಡುಗಿ ನಿಂತು ಹಿಂದೆ ನೋಡಿದಳು. ಮೇಲೆ ಕೈಚಾಚಿ ನಿಂತಿದ್ದ ಅಮ್ಮನನ್ನು ನೋಡಿದಳು, ಕೆಳಗೆ ನೀರಿನ ಕಡೆ ನೋಡಿದಳು. ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ. ಕಷ್ಟದ ಲೆಕ್ಕ ಕೊಟ್ಟಾಗ ಇರುವಂಥ ಯೋಚನೆ ಮಾತ್ರ ಇತ್ತು. ಕೆಳಗಿನ ದನಿ ಮತ್ತೆ ಮೂರು ಸಲ ಕರೆಯಿತು, ಇನ್ನೂ ಅಕ್ಕರೆಯಿಂದ. ಹುಡುಗಿ ಕೆಳಗೆ ಇನ್ನೊಂದು ಕಾಲಿಟ್ಟಳು.

ಎಷ್ಟು ಕರೆದರೂ ಅದು ತನಗಿಂತ ಚೆನ್ನಾಗಿ ಕರೆಯುತ್ತದೆ ಎಂದು ಅಶ್ವಿನಿಗೆ ಆಗ ಗೊತ್ತಾಯಿತು. ತನ್ನ ದನಿ ನಡುಗುತ್ತಿತ್ತು, ಅದರದ್ದು ನಡುಗುತ್ತಿರಲಿಲ್ಲ. ಬಾಯಿ ಮುಚ್ಚಿದಳು. ಫೋನು ಎಸೆದಳು. ಕಲ್ಲುಗಳ ಮೇಲೆ ಜಾರಿ, ಮಂಡಿ ಸುಲಿದು, ಮತ್ತೆ ಎದ್ದು, ಒಂದು ಸದ್ದೂ ಮಾಡದೆ ಓಡಿದಳು. ಮಗಳ ಚಪ್ಪಲಿ ನೀರು ಮುಟ್ಟುವಾಗ ಹಿಂದಿನಿಂದ ಅವಳ ನಡು ಸುತ್ತಿ ಹಿಡಿದು ಎದೆಗೆ ಒತ್ತಿಕೊಂಡಳು. ಎರಡೂ ಕಡೆ ಯಾರೂ ಕರೆಯದೆ ಹೋದಾಗ ಕೆರೆಯ ಮೇಲೆ ಕಪ್ಪೆಗಳ ಸದ್ದು ಕೇಳಿತು.

“ಬಿಡು, ಅಮ್ಮ ಅಲ್ಲಿ ಕರೀತಿದ್ದಾಳೆ,” ಎಂದು ಧನ್ಯಾ ಕೊಸರಾಡಿದಳು. ಆಮೇಲೆ ಕತ್ತು ಹೊರಳಿಸಿ ಹಿಡಿದವಳ ಮುಖ ನೋಡಿ ಸುಮ್ಮನಾದಳು. ಅಶ್ವಿನಿಗೆ ಅಳು ಒತ್ತರಿಸಿ ಬಂತು, ಆದರೆ ಅಳುವ ಸದ್ದನ್ನೂ ಅದು ಕಲಿತೀತೆಂದು ನುಂಗಿಕೊಂಡಳು.

ಆ ರೈತನ ಹಸುವಿನ ಹತ್ತಿರ ಅವಳು ಅವತ್ತು ಹೋಗಲಿಲ್ಲ. ಕಾರು ಮಾರಿದಳು, ಫೋನು ಏರಿಯ ಮೇಲೇ ಬಿಟ್ಟಳು. ವಾರದೊಳಗೆ ಮಗಳನ್ನು, ಅತ್ತೆಯನ್ನು ಕರೆದುಕೊಂಡು ಲಕ್ಕವಳ್ಳಿಯಲ್ಲಿ ಗಂಡನ ಕ್ವಾರ್ಟರ್ಸಿಗೆ ಬಂದುಬಿಟ್ಟಳು. ಸಿದ್ದೇಶ ಮೊದಮೊದಲು ನಂಬಲಿಲ್ಲ, ಆಮೇಲೆ ಕೇಳುವುದನ್ನೂ ಬಿಟ್ಟ. ಆ ಮನೆಯಲ್ಲಿ ಈಗ ಯಾರೂ ಯಾರನ್ನೂ ಕರೆಯುವುದಿಲ್ಲ. ಊಟಕ್ಕೆ ಬೇಕಾದರೆ ಎದ್ದು ಹೋಗಿ ಭುಜ ಮುಟ್ಟಬೇಕು. ಹಾಜರಿ ಕೂಗಿದರೆ ನಿಮ್ಮ ಹುಡುಗಿ ಬಾಯೇ ಬಿಡುವುದಿಲ್ಲ ಎಂದು ಹೊಸ ಶಾಲೆಯ ಟೀಚರು ದೂರು ಹೇಳಿದರು. ಒಂದು ಸಲ ಕೂಗಿದರೂ ಇಲ್ಲ, ಹತ್ತು ಸಲ ಕೂಗಿದರೂ ಇಲ್ಲ. ಅಶ್ವಿನಿಗೆ ಅದು ಸಮಾಧಾನದ ಸುದ್ದಿಯೇ ಆಗಿತ್ತು. ಮಗು ಉಳಿದಿದೆ, ಇನ್ನೇನು ಬೇಕು ಎಂದುಕೊಂಡಳು.

ಅವಳ ಗಮನಕ್ಕೆ ಬಾರದೆ ಹೋದದ್ದು ಇನ್ನೊಂದಿತ್ತು. ಅದು ಗೊತ್ತಾದದ್ದು ಧನ್ಯಾ ಹಿತ್ತಲಲ್ಲಿ ಬಿದ್ದ ದಿನ. ಮೊಣಕೈ ತರಚಿ ರಕ್ತ ಸೋರುತ್ತಿತ್ತು. ಹುಡುಗಿ ಗೋಡೆಗೆ ಒರಗಿ, ಕಣ್ಣೀರು ಸುರಿಸುತ್ತ, ಸದ್ದಿಲ್ಲದೆ ಕೂತಿದ್ದಳು. ಅಶ್ವಿನಿ ಬಟ್ಟೆ ಒಣಗಹಾಕಲು ಹೋಗದಿದ್ದರೆ ಎಷ್ಟು ಹೊತ್ತು ಹಾಗೇ ಇರುತ್ತಿದ್ದಳೋ. ಗಾಯ ತೊಳೆಯುತ್ತ ಅಶ್ವಿನಿ ಕೇಳಿದಳು:

“ಇಷ್ಟ್ ನೋವಾಗಿದ್ರೂ 'ಅಮ್ಮಾ' ಅಂತ ಒಂದ್ ಸಲ ಕೂಗ್ಬಾರ್ದಾ ಪುಟ್ಟಿ? ಇಲ್ಲೇ ಒಳಗಿದ್ನಲ್ಲ.”

ಧನ್ಯಾ ಮೂಗು ಒರೆಸಿಕೊಂಡಳು. ಅಮ್ಮನ ಕೈಯನ್ನು ಹಿಡಿದು ನೋಡಿ, ಬಿಸಿಯಿದೆಯೆಂದು ಖಾತ್ರಿ ಮಾಡಿಕೊಂಡು, ಹಿತ್ತಲ ಬೇಲಿಯಾಚೆ ಡ್ಯಾಮಿನ ನೀರಿನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು.

“ಕೂಗಿದ್ರೆ ಇಬ್ರೂ ಓ ಅಂತೀರಾ.”